ಪಿಸ್ತೂಲು ಬೇಡ ಅನ್ನುವ ಹೀರೋ: ‘ದಿ ಫಾಸ್ಟೆಸ್ಟ್ ಗನ್ ಅಲೈವ್’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಸಿನಿಮಾ?

1956ರಲ್ಲಿ ಬಂದ ಕಪ್ಪು ಬಿಳುಪು ಕೌಬಾಯ್ ಸಿನಿಮಾ. ಉದ್ದ 89 ನಿಮಿಷ. ತೆಗೆದದ್ದು ಹಾಲಿವುಡ್‌ನ ಎಂಜಿಎಂ, ನಿರ್ದೇಶಕ ರಸೆಲ್ ರೌಸ್. ಹೀರೋ ಗ್ಲೆನ್ ಫೋರ್ಡ್, ಅವನ ಹೆಂಡತಿಯಾಗಿ ಜೀನ್ ಕ್ರೇನ್, ವಿಲನ್ ಆಗಿ ಬ್ರಾಡರಿಕ್ ಕ್ರಾಫರ್ಡ್. ಒಳ್ಳೆಯ ಕೌಬಾಯ್ ಸಿನಿಮಾಗಳ ದೊಡ್ಡ ಪಟ್ಟಿಗಳಲ್ಲಿ ಇದರ ಹೆಸರು ಅಷ್ಟಾಗಿ ಕಾಣುವುದಿಲ್ಲ. ‘ಇದೇ ಕಥೆ ಎಷ್ಟೋ ಸಲ ಬಂದಿದೆ’ ಅಂತ ಒಂದೇ ಸಾಲಲ್ಲಿ ಮುಗಿಸಿಬಿಡುತ್ತಾರೆ. ನನಗೆ ಈ ಸಿನಿಮಾ ತುಂಬಾ ಇಷ್ಟ. ಎಲ್ಲರಿಗೂ ಗೊತ್ತಿರುವ ಸಿದ್ಧ ಕಥೆಯನ್ನೇ ಇಟ್ಟುಕೊಂಡು, ಅದರೊಳಗೆ ಒಬ್ಬ ಹೆದರಿದ ಮನುಷ್ಯನನ್ನು ಎಷ್ಟು ಸರಿಯಾಗಿ ತೋರಿಸಬಹುದು ಅನ್ನುವುದು ಇದರಲ್ಲಿದೆ. ಹೆಸರು ನೋಡಿ ಬರೀ ಢಂ ಢಂ ಸಿನಿಮಾ ಅಂದುಕೊಂಡು ಬಿಟ್ಟವರಿಗಾಗಿ ಈ ಪುಟ.

ಕಥೆ ಏನು? ಕೊನೆ ಹೇಳಬೇಡಿ.

ವಿನ್ನಿ ಹ್ಯಾರಲ್ಡ್ ಅನ್ನುವ ದರೋಡೆಕೋರನಿಗೆ ಒಂದೇ ಹುಚ್ಚು. ಎಲ್ಲರಿಗಿಂತ ಬೇಗ ಪಿಸ್ತೂಲು ಎತ್ತುವವನು ತಾನೇ ಆಗಿರಬೇಕು. ಸಿನಿಮಾ ಶುರುವಾಗುವುದೇ ಹಾಗೆ: ಒಂದು ಊರಿಗೆ ಬರುತ್ತಾನೆ, ಅಲ್ಲಿ ಹೆಸರು ಮಾಡಿದ ಒಬ್ಬನನ್ನು ಹೊರಗೆ ಕರೆಯುತ್ತಾನೆ, ಕೊಲ್ಲುತ್ತಾನೆ. ಹಣಕ್ಕಲ್ಲ, ಹಳೇ ದ್ವೇಷಕ್ಕೂ ಅಲ್ಲ.

ಇನ್ನೊಂದು ಕಡೆ ಕ್ರಾಸ್ ಕ್ರೀಕ್ ಅನ್ನುವ ಸಣ್ಣ ಊರು. ಅಲ್ಲಿ ಜಾರ್ಜ್ ಟೆಂಪಲ್ ಅಂಗಡಿ ಇಟ್ಟಿದ್ದಾನೆ. ಮೆದು ಸ್ವಭಾವದವನು. ಕುಡಿಯುವುದಿಲ್ಲ, ಸೊಂಟದಲ್ಲಿ ಗನ್ ಇಲ್ಲ. ಹೆಂಡತಿ ಡೋರಾ ಬಸುರಿ. ಊರಿನವರಿಗೆ ಅವನು ಒಳ್ಳೆಯವನು, ಆದರೆ ಲೆಕ್ಕಕ್ಕಿಲ್ಲದವನು. ಅವನು ಊರಾಚೆ ಹೋಗಿ, ಯಾರೂ ನೋಡದ ಜಾಗದಲ್ಲಿ, ಗುರಿ ಅಭ್ಯಾಸ ಮಾಡುತ್ತಾನೆ ಅನ್ನುವುದು ನಮಗೆ ಮಾತ್ರ ಗೊತ್ತು. ಅವನ ಕೈಯ ವೇಗ ನೋಡಿದರೆ ಮೈ ಜುಂ ಅನ್ನುತ್ತದೆ. ಗಂಡ ಹೆಂಡತಿ ಈಗಾಗಲೇ ಊರಿಂದ ಊರಿಗೆ ಓಡಿ ಬಂದಿದ್ದಾರೆ. ಗುಟ್ಟು ಬಯಲಾದ ಕೂಡಲೇ ಗಂಟುಮೂಟೆ ಕಟ್ಟಬೇಕು.

ಒಂದು ದಿನ ಊರಿನ ಗಂಡಸರು ಆ ಕೊಲೆಯ ಸುದ್ದಿಯನ್ನು ಬಾಯಿ ಚಪ್ಪರಿಸಿ ಮಾತಾಡುತ್ತಾರೆ. ಕೇಳಿ ಕೇಳಿ ಜಾರ್ಜ್‌ಗೆ ತಡೆಯುವುದಕ್ಕಾಗುವುದಿಲ್ಲ. ಕುಡಿಯುತ್ತಾನೆ. ಬಾರ್‌ನಲ್ಲಿ ಎಲ್ಲರ ಮುಂದೆ ನಿಂತು ಎಲ್ಲರಿಗಿಂತ ಬೇಗದವನು ತಾನೇ ಅನ್ನುತ್ತಾನೆ. ಯಾರೂ ನಂಬುವುದಿಲ್ಲ. ಆಗ ಹೊರಗೆ ಬಂದು, ಕೆಳಗೆ ಬಿಟ್ಟ ಬೆಳ್ಳಿ ನಾಣ್ಯಗಳು ನೆಲ ಮುಟ್ಟುವ ಮುಂಚೆ ಹೊಡೆದು ತೋರಿಸುತ್ತಾನೆ. ಅಲ್ಲಿಗೆ ಅವನ ಶಾಂತ ಬದುಕು ಮುಗಿಯಿತು. ಮರುದಿನ ಚರ್ಚಿನಲ್ಲಿ ಊರಿನವರೆಲ್ಲ ಸೇರಿ ಈ ಗುಟ್ಟನ್ನು ಯಾರಿಗೂ ಹೇಳುವುದಿಲ್ಲ ಅಂತ ಆಣೆ ಮಾಡುತ್ತಾರೆ. ಅಷ್ಟರಲ್ಲೇ ಬ್ಯಾಂಕ್ ದೋಚಿ ಓಡಿ ಬರುತ್ತಿರುವ ಹ್ಯಾರಲ್ಡ್ ಅದೇ ಊರಿಗೆ ಕಾಲಿಡುತ್ತಾನೆ. ಒಬ್ಬ ಚಿಕ್ಕ ಹುಡುಗನ ಬಾಯಿಂದ ಮಾತು ಜಾರುತ್ತದೆ.

ಈ ಕಥೆ ಬೇರೆ ಸಿನಿಮಾಗಳಲ್ಲೂ ನೋಡಿದ್ದೇನಲ್ಲ?

ಖಂಡಿತ ನೋಡಿರುತ್ತೀರಿ. ಗನ್ ಬಿಟ್ಟು ಬದುಕಬೇಕು ಅಂತ ಬಯಸುವವನು, ಬಿಡಲೊಪ್ಪದ ಲೋಕ, ಅಡ್ಡ ನಿಲ್ಲುವ ಹೆಂಡತಿ ಅಥವಾ ಪ್ರೇಯಸಿ, ಕೈಚೆಲ್ಲಿ ಕೂರುವ ಊರು, ಕೊನೆಗೆ ಖಾಲಿ ರಸ್ತೆ. 1950ರಲ್ಲಿ ಗ್ರೆಗರಿ ಪೆಕ್ ಮಾಡಿದ ‘ದಿ ಗನ್‌ಫೈಟರ್’ ಈ ಅಚ್ಚಿಗೆ ಗಟ್ಟಿ ರೂಪ ಕೊಟ್ಟಿತು. ಅದಾದ ಮೇಲೆ ಆ ಇಡೀ ದಶಕ ಇದೇ ಅಚ್ಚಿನಲ್ಲಿ ಸಿನಿಮಾಗಳು ಬಂದವು. ದೊಡ್ಡ ಬಣ್ಣದ ಸಿನಿಮಾಗಳೂ ಬಂದವು, ವಾರದಲ್ಲಿ ಮುಗಿಸಿದ ಅಗ್ಗದವೂ ಬಂದವು.

ಸಿದ್ಧ ಕಥೆ ಅನ್ನುವುದನ್ನು ಬೈಗುಳದ ಥರ ಬಳಸುವುದು ನನಗೆ ಒಪ್ಪಿಗೆ ಇಲ್ಲ. ಯಕ್ಷಗಾನಕ್ಕೆ ಹೋದವರು ಕೊನೆಗೆ ಯಾರು ಗೆಲ್ಲುತ್ತಾರೆ ಅಂತ ತಿಳಿಯಲು ಹೋಗಿರುವುದಿಲ್ಲ. ಗೊತ್ತಿರುವ ಪ್ರಸಂಗದಲ್ಲಿ ಇವತ್ತಿನ ವೇಷಧಾರಿ ಏನು ಮಾಡುತ್ತಾನೆ ಅಂತ ನೋಡಲು ಹೋಗುತ್ತಾರೆ. ಈ ಸಿನಿಮಾಗಳನ್ನು ಆ ಕಣ್ಣಲ್ಲಿ ನೋಡಿದರೆ ಮಜಾ ಸಿಗುತ್ತದೆ.

ಇದು ನಿಜವಾಗಲೂ ಕಡಿಮೆ ಬಜೆಟ್ ಸಿನಿಮಾನಾ?

ಎಂಜಿಎಂ ಆಗ ತೆಗೆಯುತ್ತಿದ್ದ ಬಣ್ಣದ ವೈಭವದ ಸಿನಿಮಾಗಳ ಪಕ್ಕದಲ್ಲಿ ಇಟ್ಟರೆ ಸಣ್ಣದು. ಆದರೆ ಕೌಬಾಯ್ ಲೋಕದಲ್ಲಿ ಇದಕ್ಕಿಂತ ಎಷ್ಟೋ ಬಡವಾದವು ಇದ್ದವು. 1935ರಲ್ಲಿ ಹರ್ಬರ್ಟ್ ಯೇಟ್ಸ್ ಕಟ್ಟಿದ ರಿಪಬ್ಲಿಕ್ ಪಿಕ್ಚರ್ಸ್ ತನ್ನ ಅತಿ ಅಗ್ಗದ ಕೌಬಾಯ್ ಸಿನಿಮಾಗಳನ್ನು ಸುಮಾರು 50,000 ಡಾಲರ್ ಒಳಗೆ, ಏಳು ದಿನದಲ್ಲಿ ಮುಗಿಸುತ್ತಿತ್ತು. ರೋಜರ್ ಕಾರ್ಮನ್ 1955ರಲ್ಲಿ ಮೊದಲ ಸಲ ನಿರ್ದೇಶನಕ್ಕೆ ಇಳಿದದ್ದೂ ಇಂಥದೇ ಒಂದು ಅಗ್ಗದ ಕೌಬಾಯ್ ಸಿನಿಮಾದಿಂದ. ಹಾಲಿವುಡ್‌ನ ಗೋವರ್ ಬೀದಿಯ ಸುತ್ತಮುತ್ತ ಇಂಥ ಬಡ ಕಂಪನಿಗಳೇ ತುಂಬಿದ್ದವು. ಕೌಬಾಯ್ ವೇಷ ಹಾಕಿಕೊಂಡ ಎಕ್ಸ್‌ಟ್ರಾ ನಟರು ದಿನಗೂಲಿಗೆ ಅಲ್ಲೇ ಕಾಯುತ್ತಿದ್ದರು.

ಆಗ ಒಂದೇ ಟಿಕೆಟ್‌ಗೆ ಎರಡು ಸಿನಿಮಾ ತೋರಿಸುವ ಪದ್ಧತಿ ಇತ್ತು. ಮುಖ್ಯ ಸಿನಿಮಾದ ಜೊತೆ ಹಾಕಲು ಒಂದು ಗಂಟೆ ಆಸುಪಾಸಿನ ಇನ್ನೊಂದು ಬೇಕಿತ್ತು. ಅದನ್ನೇ ಬಿ ಸಿನಿಮಾ ಅನ್ನುತ್ತಿದ್ದರು. ಅಗ್ಗದ ಕೌಬಾಯ್ ಸಿನಿಮಾ ಬೆಳೆದದ್ದು ಆ ಜಾಗದಲ್ಲಿ.

ದುಡ್ಡು ಕಡಿಮೆ ಇದ್ದರೆ ತೆರೆಯ ಮೇಲೆ ಏನು ಬದಲಾಗುತ್ತದೆ?

ಮೊದಲು ಜನ ಕಡಿಮೆ. ಊರು ಅಂದರೆ ಒಂದು ಬೀದಿ, ಎರಡು ಬದಿಯಲ್ಲಿ ಮುಂಗೋಡೆ ಮಾತ್ರ ಇರುವ ಮನೆಗಳು. ಇದೇ ಬೀದಿ ಹತ್ತಾರು ಸಿನಿಮಾದಲ್ಲಿ ಹತ್ತಾರು ಹೆಸರಲ್ಲಿ ಬರುತ್ತದೆ. ಬಂಡೆಗಳೂ ಅಷ್ಟೇ. ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್ ಹತ್ತಿರದ ಐವರ್ಸನ್ ರ‍್ಯಾಂಚ್, ಲೋನ್ ಪೈನ್ ಹತ್ತಿರದ ಅಲಬಾಮಾ ಹಿಲ್ಸ್, ವಾಸ್ಕೆಸ್ ರಾಕ್ಸ್, ಈ ಮೂರು ಜಾಗಗಳ ಬಂಡೆಗಳನ್ನು ಗುರುತಿಟ್ಟುಕೊಂಡರೆ ಟೆಕ್ಸಾಸ್ ಅಂತಲೋ ಅರಿಜೋನಾ ಅಂತಲೋ ತೋರಿಸಿದ ಎಷ್ಟೋ ದೃಶ್ಯ ಅಲ್ಲಿಯವೇ ಅಂತ ತಿಳಿಯುತ್ತದೆ. ರಾತ್ರಿ ದೃಶ್ಯವನ್ನು ಹಗಲಲ್ಲೇ ತೆಗೆದು ಫಿಲ್ಟರ್ ಹಾಕಿ ಕಪ್ಪು ಮಾಡುತ್ತಿದ್ದರು. ‘ರಾತ್ರಿ’ಯಲ್ಲಿ ಕುದುರೆಗೆ ಗಟ್ಟಿ ನೆರಳು ಬೀಳುವುದು ಅದಕ್ಕೇ. ದನಗಳ ಹಿಂಡು ಓಡುವ ದೊಡ್ಡ ಶಾಟ್ ಬೇಕಾದರೆ ಹಳೇ ಸಿನಿಮಾದ ತುಂಡು ತಂದು ಅಂಟಿಸುತ್ತಿದ್ದರು.

ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ದುಡ್ಡು ಇಲ್ಲದವರು ಹೊಡೆದಾಟವನ್ನು ಮುಂದೂಡಬೇಕು. ಕುದುರೆ, ಸ್ಟಂಟ್ ಆಳುಗಳು, ಒಡೆಯುವ ಸೆಟ್, ಎಲ್ಲಕ್ಕೂ ಖರ್ಚು. ನಾಲ್ಕು ಜನ ಕೋಣೆಯಲ್ಲಿ ಕೂತು ಮಾತಾಡುವುದು ಅಗ್ಗ. ಹಾಗಾಗಿ ಒಂದು ದೊಡ್ಡ ಕಾಳಗವನ್ನು ಕೊನೆಗಿಟ್ಟು, ಅಲ್ಲಿವರೆಗೆ ಮಾತು, ನೋಟ, ಕಾಯುವಿಕೆಯಲ್ಲೇ ಸಿನಿಮಾ ನಡೆಸಬೇಕು. ಹೊಡೆದಾಡಲು ಮನಸ್ಸಿಲ್ಲದ ಹೀರೋ ಇದಕ್ಕೆ ಸರಿಯಾಗಿ ಹೊಂದುತ್ತಾನೆ, ಅಲ್ವಾ? ಅವನ ಹಿಂಜರಿಕೆಯೇ ಕಥೆ. ಜಾರ್ಜ್ ಟೆಂಪಲ್‌ನ ಸಿನಿಮಾದ ಕೊನೆಯ ಅರ್ಧ ಗಂಟೆ ಹೆಚ್ಚುಕಡಿಮೆ ಚರ್ಚಿನ ಒಳಗೇ ನಡೆಯುತ್ತದೆ, ಅಲ್ಲಿ ಮೈ ಬಿಗಿಹಿಡಿದು ನೋಡುವಂತೆ ಮಾಡುವುದು ಬರೀ ಮುಖಗಳು. ಇದನ್ನು ಬರೆದ ಫ್ರಾಂಕ್ ಗಿಲ್ರಾಯ್ ಮೊದಲು ಇದನ್ನು ಟಿವಿ ನಾಟಕವಾಗಿ ಬರೆದಿದ್ದರು, 1954ರಲ್ಲಿ ಅದು ಪ್ರಸಾರವಾಗಿತ್ತು. ಟಿವಿ ನಾಟಕ ಅಂದರೆ ಎರಡು ಮೂರು ಸೆಟ್, ಉಳಿದದ್ದೆಲ್ಲ ಮಾತು. ಆ ಬಿಗಿ ಸಿನಿಮಾದಲ್ಲೂ ಉಳಿದಿದೆ. ಗಿಲ್ರಾಯ್‌ಗೆ ಮುಂದೆ 1965ರಲ್ಲಿ ನಾಟಕಕ್ಕೆ ಪುಲಿಟ್ಜರ್ ಬಹುಮಾನವೂ ಬಂತು.

ಗನ್ ಬೇಡ ಅಂತ ಒಂದೂವರೆ ಗಂಟೆ ಹೇಳಿ ಕೊನೆಗೆ ಗನ್ನೇ ಹಿಡಿಸುತ್ತಾರೆ. ಇದು ಮೋಸ ಅಲ್ವಾ?

ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಒಳ್ಳೆಯದು. ಹೌದು, ಈ ಬಗೆಯ ಸಿನಿಮಾಗಳಲ್ಲಿ ಹೆಚ್ಚಿನವು ಈ ಮೋಸ ಮಾಡುತ್ತವೆ. ಹೀರೋ ‘ನನಗೆ ಕೊಲ್ಲುವುದು ಬೇಡ’ ಅನ್ನುತ್ತಾನೆ, ನಾವು ಅವನ ಒಳ್ಳೆಯತನ ಮೆಚ್ಚುತ್ತೇವೆ, ಆದರೆ ಒಳಗೊಳಗೇ ‘ಯಾವಾಗ ಎತ್ತುತ್ತಾನೆ’ ಅಂತ ಕಾಯುತ್ತಿರುತ್ತೇವೆ. ಸಿನಿಮಾದವರಿಗೆ ಅದು ಗೊತ್ತು. ಹಿಂಸೆ ಕೆಟ್ಟದ್ದು ಅಂತ ಹೇಳಿದ ಪುಣ್ಯವೂ ಬೇಕು, ಹಿಂಸೆಯ ರೋಮಾಂಚನವೂ ಬೇಕು. ವಿಲನ್ ಅಷ್ಟು ಕೆಟ್ಟವನಾಗಿರುತ್ತಾನೆ, ಬೇರೆ ದಾರಿಗಳೆಲ್ಲ ಅಷ್ಟು ನೀಟಾಗಿ ಮುಚ್ಚಿರುತ್ತವೆ, ಗನ್ ಹಿಡಿಯುವುದೇ ಧರ್ಮ ಅನ್ನಿಸಿಬಿಡುತ್ತದೆ. ಪೊಲೀಸು, ಪಂಚಾಯಿತಿ, ಕೋರ್ಟು ಏನೂ ಇಲ್ಲದ ಊರನ್ನು ಬೇಕಂತಲೇ ಕಟ್ಟುತ್ತಾರೆ.

ಈ ಸಿನಿಮಾ ಕೂಡ ಆ ಬಲೆಯಿಂದ ಪೂರ್ತಿ ತಪ್ಪಿಸಿಕೊಂಡಿಲ್ಲ. ಆದರೆ ಎರಡು ಕಡೆ ಬೇರೆಯವು ಹೋಗದಷ್ಟು ದೂರ ಹೋಗುತ್ತದೆ. ಒಂದು, ಜಾರ್ಜ್ ಯಾಕೆ ಹಿಂಜರಿಯುತ್ತಾನೆ ಅನ್ನುವುದು. ಸಾಮಾನ್ಯವಾಗಿ ಇಂಥ ಹೀರೋ ತುಂಬಾ ಜನರನ್ನು ಕೊಂದು ಬೇಸತ್ತವನು. ಜಾರ್ಜ್‌ನ ಪಿಸ್ತೂಲಿನ ಮೇಲೂ ಕೊಂದ ಲೆಕ್ಕದ ಗೀಟುಗಳಿವೆ. ಊರಿನವರು, ನಾವು, ಎಲ್ಲರೂ ಅವು ಅವನವೇ ಅಂದುಕೊಂಡಿರುತ್ತೇವೆ. ಚರ್ಚಿನಲ್ಲಿ ಅವನು ಬಾಯಿಬಿಡುತ್ತಾನೆ: ಅವು ಅವನ ಅಪ್ಪನವು. ಅಪ್ಪ ಹೆಸರಾಂತ ಶೆರಿಫ್, ಅಂದರೆ ಊರಿನ ಪೊಲೀಸ್ ಅಧಿಕಾರಿ. ಇವನು ಇವತ್ತಿನವರೆಗೆ ಒಬ್ಬ ಮನುಷ್ಯನ ಎದುರೂ ಗನ್ ಹಿಡಿದು ನಿಂತವನಲ್ಲ. ಕೈಯಲ್ಲಿ ಅಷ್ಟು ವೇಗ ಇದೆ, ಎದೆಯಲ್ಲಿ ಭಯ ಇದೆ. ಕೌಬಾಯ್ ಹೀರೋ ಒಬ್ಬ ತುಂಬಿದ ಚರ್ಚಿನಲ್ಲಿ, ಬಸುರಿ ಹೆಂಡತಿಯ ಮುಂದೆ, ‘ನನಗೆ ಭಯ’ ಅಂತ ಒಪ್ಪಿಕೊಳ್ಳುವುದನ್ನು 1956ರಲ್ಲಿ ತೋರಿಸಲು ಧೈರ್ಯ ಬೇಕು.

ಎರಡನೆಯದು, ಅವನಿಗೆ ಗನ್ ಮೇಲೆ ಆಸೆಯೂ ಇದೆ. ಬಿಡಬೇಕು ಅನ್ನುತ್ತಾನೆ, ಬಿಡುವುದಿಲ್ಲ. ಎಸೆಯದೆ ಎತ್ತಿಟ್ಟುಕೊಂಡಿದ್ದಾನೆ. ಯಾರಾದರೂ ‘ನೀನು ಏನೂ ಅಲ್ಲ’ ಅನ್ನುವ ಹಾಗೆ ನೋಡಿದರೆ ಸಹಿಸಲಾರ. ಕುಡಿದು ಬೀದಿಯಲ್ಲಿ ಕೈಚಳಕ ತೋರಿಸಿದ್ದು ಬೇರೆಯವರ ಒತ್ತಾಯಕ್ಕಲ್ಲ. ಅವನ ಈ ಕಷ್ಟವನ್ನು ತಂದುಕೊಂಡದ್ದು ಅವನೇ. ಹೀರೋನ ಒಳ್ಳೆಯತನಕ್ಕೂ ಅವನ ಜಂಬಕ್ಕೂ ಹೀಗೆ ಗಂಟು ಹಾಕಿರುವುದರಿಂದಲೇ ಈ ಮೋಸವನ್ನು ನಾನು ಇಲ್ಲಿ ಕ್ಷಮಿಸುತ್ತೇನೆ.

ಗ್ಲೆನ್ ಫೋರ್ಡ್ ಯಾಕೆ? ಜಾನ್ ವೇಯ್ನ್ ಥರದವರು ಮಾಡಬಹುದಿತ್ತಲ್ಲ?

ಗಟ್ಟಿಗ ಕೌಬಾಯ್ ಪಾತ್ರಗಳಿಗೇ ಹೆಸರಾದ ವೇಯ್ನ್ ನಡೆದು ಬಂದರೆ ಹೆದರಿದವನು ಅಂತ ನಂಬುವುದು ಕಷ್ಟ. ಕೆನಡಾದಲ್ಲಿ ಹುಟ್ಟಿದ ಗ್ಲೆನ್ ಫೋರ್ಡ್ ಸಾಧಾರಣ ಮನುಷ್ಯನ ಹಾಗೆ ಕಾಣುತ್ತಾರೆ. ಹಿಂದಿನ ವರ್ಷವಷ್ಟೇ ಒಂದು ಸಿನಿಮಾದಲ್ಲಿ ಪುಂಡ ಹುಡುಗರ ಶಾಲೆಯ ಮೇಷ್ಟ್ರಾಗಿ ಮಾಡಿದ್ದರು. ಅಂಗಡಿಯಲ್ಲಿ ಬಟ್ಟೆ ತೋರಿಸುವಾಗ ಅಂಗಡಿಯವರೇ ಅನ್ನಿಸುತ್ತದೆ. ಕೈ ಏನು ಮಾಡುತ್ತಿದೆ ಅಂತ ಗಮನಿಸಿ. ಟೇಬಲ್ ಅಂಚು ಹಿಡಿಯುವುದು, ಬೆರಳು ಬಿಗಿಯುವುದು, ಸುಮ್ನೆ ಇರಲು ಕಷ್ಟಪಡುವ ಕೈ. ಕುದುರೆ ಸವಾರಿ, ಗನ್ ಎತ್ತುವ ವೇಗ, ಎರಡರಲ್ಲೂ ಅವರಿಗೆ ನಿಜವಾದ ಹೆಸರಿತ್ತು.

ಬ್ರಾಡರಿಕ್ ಕ್ರಾಫರ್ಡ್ 1949ರ ಸಿನಿಮಾಗೆ ಆಸ್ಕರ್ ಗೆದ್ದವರು. ಈ ಸಿನಿಮಾ ಬಂದ ಸಮಯದಲ್ಲಿ ಟಿವಿಯಲ್ಲಿ ಪೊಲೀಸ್ ಪಾತ್ರ ಮಾಡುತ್ತಿದ್ದರು. ದಪ್ಪ ಮೈ, ಒರಟು ದನಿ. ಕೊಲ್ಲುವಾಗ ಅವರ ಮುಖದಲ್ಲಿ ಖುಷಿ ಕೂಡ ಇಲ್ಲ, ಅದೇ ಭಯ ಹುಟ್ಟಿಸುತ್ತದೆ.

ಮಧ್ಯದಲ್ಲಿ ಆ ಡ್ಯಾನ್ಸ್ ಯಾಕೆ ಇದೆ?

ರಸ್ ಟ್ಯಾಂಬ್ಲಿನ್ ಇದ್ದರು, ಅದಕ್ಕೆ. ಹೊಸ ಹುಡುಗ, ಜಿಮ್ನಾಸ್ಟ್ ಥರ ಹಾರುತ್ತಿದ್ದರು. ಊರಿನ ಕೂಟದಲ್ಲಿ ಸಲಿಕೆಗಳ ಮೇಲೆ ನಿಂತು ಕುಣಿಯುವ ಆ ದೃಶ್ಯಕ್ಕೂ ಕಥೆಗೂ ಸಂಬಂಧ ಇಲ್ಲ. ನೋಡಲು ಅದ್ಭುತ. ಬೇಕಾದರೆ ಅದೊಂದನ್ನೇ ಎರಡು ಸಲ ನೋಡಿ.

ನಿಜವಾಗಿ ಹೀಗೆ ಬೀದಿಯಲ್ಲಿ ಎದುರಾಬದುರು ನಿಂತು ಹೊಡೆದಾಡುತ್ತಿದ್ದರಾ?

ತೀರಾ ಅಪರೂಪ. ಎಲ್ಲರೂ ಹೆಸರಿಸುವ ಉದಾಹರಣೆ 1865ರ ಜುಲೈ 21ರದು. ಮಿಸೌರಿಯ ಸ್ಪ್ರಿಂಗ್‌ಫೀಲ್ಡ್ ಊರಿನ ಚೌಕದಲ್ಲಿ ವೈಲ್ಡ್ ಬಿಲ್ ಹಿಕಾಕ್ ಮತ್ತು ಡೇವಿಸ್ ಟಟ್ ಎದುರು ನಿಂತರು. ಜಗಳ ಇಸ್ಪೀಟು ಸಾಲಕ್ಕೆ ಒತ್ತೆಯಾದ ಒಂದು ಗಡಿಯಾರದ್ದು. ಇಬ್ಬರ ನಡುವೆ ಸುಮಾರು 75 ಗಜ ದೂರ. ಅಷ್ಟು ದೂರಕ್ಕೆ ವೇಗಕ್ಕಿಂತ ಗುರಿ ಮುಖ್ಯ. ಟಟ್ ಸತ್ತ.

ಅರಿಜೋನಾದ ಟೂಮ್‌ಸ್ಟೋನ್ ಊರಿನ ಹೆಸರಾಂತ ಓ.ಕೆ. ಕೊರಾಲ್ ಕಾಳಗ ನಡೆದದ್ದು 1881ರ ಅಕ್ಟೋಬರ್ 26ರಂದು. ಸುಮಾರು 30 ಸೆಕೆಂಡ್, ಸುಮಾರು 30 ಗುಂಡು, ಮೂವರು ಸತ್ತರು. ಅದು ಅಗಲ ರಸ್ತೆಯಲ್ಲಿ ಕೂಡ ಅಲ್ಲ, ಎರಡು ಕಟ್ಟಡಗಳ ನಡುವಿನ ಇಕ್ಕಟ್ಟು ಖಾಲಿ ಜಾಗದಲ್ಲಿ ಶುರುವಾಯಿತು. ಇನ್ನು ಹೆಸರಾಂತರು ಸತ್ತ ರೀತಿ ನೋಡಿ. ಹಿಕಾಕ್‌ನನ್ನು 1876ರಲ್ಲಿ ಡೆಡ್‌ವುಡ್‌ನಲ್ಲಿ ಇಸ್ಪೀಟು ಆಡುವಾಗ ಹಿಂದಿನಿಂದ ಹೊಡೆದರು. ಜಾನ್ ವೆಸ್ಲಿ ಹಾರ್ಡಿನ್ ಜೈಲಿನಲ್ಲಿ ಕಾನೂನು ಓದಿ ವಕೀಲನಾಗಿದ್ದ, ಅವನನ್ನೂ 1895ರಲ್ಲಿ ಎಲ್ ಪಾಸೋದ ಬಾರ್‌ನಲ್ಲಿ ಹಿಂದಿನಿಂದಲೇ ತಲೆಗೆ ಹೊಡೆದರು. ಎದುರು ನಿಂತು ಎಣಿಸಿ ಹೊಡೆಯುವ ಶಿಸ್ತು ಸಿನಿಮಾದವರದ್ದು.

ಮತ್ತೆ ಆ ವೇಗ? ಸೊಂಟದಿಂದ ಹಾಗೆ ಎತ್ತುವುದು?

ಅದನ್ನು ನಟರಿಗೆ ಕಲಿಸುವವರೇ ಇದ್ದರು. ಅವರಲ್ಲಿ ಆರ್ವೋ ಓಜಲಾ ದೊಡ್ಡ ಹೆಸರು. ಗನ್ ಇಡುವ ಚರ್ಮದ ಒರೆಯ ಒಳಗೆ ಲೋಹದ ಪದರ ಕೂರಿಸಿ, ಒರೆಯಲ್ಲಿರುವಾಗಲೇ ಗನ್ನಿನ ಕುದುರೆ (ಹಿಂಬದಿಯ ಸುತ್ತಿಗೆಯಂಥ ಭಾಗ) ಎಳೆದು ಸಿದ್ಧ ಮಾಡಿಕೊಳ್ಳುವಂತೆ ಮಾಡಿದರು. ಟಿವಿಯ ‘ಗನ್‌ಸ್ಮೋಕ್’ ಶುರುವಿನಲ್ಲಿ ಹೀರೋ ಮಾರ್ಷಲ್ ಎದುರು ನಿಂತು ಪ್ರತಿ ವಾರ ಸೋಲುತ್ತಿದ್ದ ಮನುಷ್ಯ ಅವರೇ. ತೊಡೆಯವರೆಗೆ ಇಳಿಬಿಟ್ಟ ಒರೆ ಕೂಡ ಹೆಚ್ಚಾಗಿ ಹಾಲಿವುಡ್ ಕೊಡುಗೆ.

ಎಲ್ಲರ ಸೊಂಟದಲ್ಲೂ ಕಾಣುವುದು ಕೋಲ್ಟ್ ಕಂಪನಿಯ 1873ರ ಮಾದರಿ. ಆರು ಗುಂಡಿನ ಜಾಗ, ಆದರೆ ತಿಳಿದವರು ಐದೇ ತುಂಬುತ್ತಿದ್ದರು, ಕುದುರೆಯ ಕೆಳಗೆ ಖಾಲಿ ಬಿಡುತ್ತಿದ್ದರು. ಕೆಳಗೆ ಬಿದ್ದರೆ ತಾನಾಗಿ ಹಾರಬಾರದಲ್ಲ. ಕೋಲ್ಟ್ ಆ ಮಾದರಿ ತಯಾರಿಸುವುದನ್ನು ನಿಲ್ಲಿಸಿತ್ತು. ಟಿವಿ, ಸಿನಿಮಾ ನೋಡಿದ ಜನ ಕೇಳತೊಡಗಿದ್ದರಿಂದ 1956ರಲ್ಲಿ, ಈ ಸಿನಿಮಾ ಬಂದ ವರ್ಷವೇ, ಮತ್ತೆ ಶುರು ಮಾಡಿತು. ಗನ್ ಹೂತುಹಾಕು ಅನ್ನುವ ಕಥೆಗಳು ಓಡುತ್ತಿದ್ದ ಕಾಲದಲ್ಲೇ ಅಂಗಡಿಯಲ್ಲಿ ಗನ್ ವ್ಯಾಪಾರ ಜಾಸ್ತಿಯಾಯಿತು. ಇದು ನನ್ನನ್ನು ಈಗಲೂ ಕಾಡುತ್ತದೆ.

ಈ ಸಿನಿಮಾದ ದೊಡ್ಡ ಕೊರತೆ ಏನು?

ಡೋರಾ. ಜೀನ್ ಕ್ರೇನ್ ಚೆನ್ನಾಗಿಯೇ ಮಾಡಿದ್ದಾರೆ, ಆದರೆ ಪಾತ್ರಕ್ಕೆ ಅಳು, ಬೇಡಿಕೆ ಬಿಟ್ಟರೆ ಹೆಚ್ಚೇನೂ ಇಲ್ಲ. ಅವಳು ಹೇಳುವುದೇ ಸರಿ ಅಂತ ಸಿನಿಮಾಗೂ ಗೊತ್ತು, ಆದರೂ ಕೇಳುವುದಿಲ್ಲ. ಇನ್ನೊಂದು, ಆ ಕಾಲದ ಬಹುಪಾಲು ಕೌಬಾಯ್ ಸಿನಿಮಾಗಳ ಹಾಗೆ ಇಲ್ಲೂ ಊರು ಪೂರ್ತಿ ಬಿಳಿಯರದ್ದು. ಅಮೆರಿಕದ ನಿಜವಾದ ಪಶ್ಚಿಮದಲ್ಲಿ ದನ ಕಾಯ್ದವರಲ್ಲಿ ಕಪ್ಪು ಜನ, ಮೆಕ್ಸಿಕನ್ನರು ಬಹಳ ಇದ್ದರು. ಆ ನೆಲ ಯಾರಿಂದ ಕಿತ್ತುಕೊಂಡದ್ದು ಅನ್ನುವ ಮಾತಂತೂ ಬರುವುದೇ ಇಲ್ಲ.

ಸರಿ, ಕೊನೆ ಹೇಳಿ.

ನೋಡಬೇಕು ಅಂತಿರುವವರು ಇದನ್ನು ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಿ.

ಜಾರ್ಜ್ ಹೊರಗೆ ಬರದಿದ್ದರೆ ಊರಿಗೆ ಬೆಂಕಿ ಇಡುತ್ತೇನೆ ಅನ್ನುತ್ತಾನೆ ಹ್ಯಾರಲ್ಡ್. ಜಾರ್ಜ್ ಹೋಗುತ್ತಾನೆ. ಗುಂಡಿನ ಸದ್ದಾಗುತ್ತದೆ. ಯಾರು ಬಿದ್ದರು ಅಂತ ತೋರಿಸದೆ ಸಿನಿಮಾ ನೇರವಾಗಿ ಮಸಣಕ್ಕೆ ಹೋಗುತ್ತದೆ. ಎರಡು ಗೋರಿ. ಒಂದು ಹ್ಯಾರಲ್ಡ್‌ನದು, ಇನ್ನೊಂದು ಜಾರ್ಜ್‌ನದು. ದರೋಡೆಕೋರರನ್ನು ಹುಡುಕಿ ಬಂದ ಪಡೆಯವರು ನೋಡಿ, ಇಬ್ಬರೂ ಸತ್ತರು ಅಂತ ನಂಬಿ ಹೊರಟುಹೋಗುತ್ತಾರೆ. ಆಮೇಲೆ ಜನರ ನಡುವೆ ಜಾರ್ಜ್ ಬದುಕಿ ನಿಂತಿರುವುದು ಕಾಣುತ್ತದೆ. ಅವನ ಗೋರಿಯಲ್ಲಿ ಹೂತದ್ದು ಅವನ ಪಿಸ್ತೂಲು ಮತ್ತು ಹೆಸರು. ಮುಂಚೆ ಮಾಡಿದ ಆಣೆಯನ್ನು ಊರು ಈಗ ನಿಜವಾಗಿ ಉಳಿಸಿಕೊಳ್ಳುತ್ತದೆ. ಕೈಚೆಲ್ಲಿ ಕೂರುವ ಊರುಗಳನ್ನೇ ಈ ಸಿನಿಮಾಗಳಲ್ಲಿ ನೋಡಿ ಬೇಸತ್ತವರಿಗೆ, ಒಬ್ಬ ಮನುಷ್ಯನನ್ನು ಉಳಿಸಲು ಇಡೀ ಊರು ಒಟ್ಟಾಗಿ ಸುಳ್ಳು ಹೇಳುವುದು ಎಷ್ಟು ಖುಷಿ ಕೊಡುತ್ತದೆ ನೋಡಿ.

ಇಂಥ ಸಿನಿಮಾಗಳು ಯಾಕೆ ನಿಂತುಹೋದವು?

1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ದೊಡ್ಡ ಕಂಪನಿಗಳ ಹಿಡಿತದಿಂದ ಥಿಯೇಟರ್‌ಗಳನ್ನು ಬಿಡಿಸಿತು. ಒಂದರ ಜೊತೆ ಇನ್ನೊಂದನ್ನು ಗಂಟು ಹಾಕಿ ಮಾರುವುದು ನಿಂತಿತು. ಸಣ್ಣ ಸಿನಿಮಾಗಳಿಗೆ ಇದ್ದ ಖಾತ್ರಿ ಮಾರುಕಟ್ಟೆ ಹೋಯಿತು. ಉಳಿದದ್ದನ್ನು ಟಿವಿ ನುಂಗಿತು. ಸರಣಿಯಾಗಿ ಬರುತ್ತಿದ್ದ ಬಿ ಕೌಬಾಯ್ ಸಿನಿಮಾಗಳು 1954ರ ಹೊತ್ತಿಗೆ ಮುಗಿದವು. ಅದೇ ಬೀದಿ, ಅದೇ ಬಂಡೆ, ಎಷ್ಟೋ ಸಲ ಅದೇ ನಟರು ಟಿವಿಗೆ ಹೋದರು.

ನಮ್ಮ ಕಡೆಗೂ ಈ ಗಾಳಿ ಬೀಸಿತಾ?

ಬೀಸಿತು. 1971ರಲ್ಲಿ ತೆಲುಗಿನಲ್ಲಿ ಕೃಷ್ಣ ಅವರ ‘ಮೋಸಗಾಳ್ಳಕು ಮೋಸಗಾಡು’ ಬಂತು. ಅದರ ನಿರ್ದೇಶಕ ಕೆ.ಎಸ್.ಆರ್. ದಾಸ್ ಮುಂದೆ ಕನ್ನಡದಲ್ಲಿ ವಿಷ್ಣುವರ್ಧನ್ ಜೊತೆ ‘ಕಳ್ಳ ಕುಳ್ಳ’, ‘ಸಹೋದರರ ಸವಾಲ್’ ಮಾಡಿದರು. ದ್ವಾರಕೀಶ್ ‘ಕೌಬಾಯ್ ಕುಳ್ಳ’ ಆದರು. ರಾಮನಗರದ ಬಂಡೆಗಳಲ್ಲಿ ತೆಗೆದ ‘ಶೋಲೆ’ 1975ರಲ್ಲಿ ಬಂತು. ಆದರೆ ನಮಗೆ ಬಂದದ್ದು ಹೆಚ್ಚಾಗಿ ಇಟಲಿಯವರು ತೆಗೆದ ಕೌಬಾಯ್ ಸಿನಿಮಾಗಳ ದಾರಿಯಿಂದ, ಸೇಡು ಮತ್ತು ಗತ್ತಿನ ರೂಪದಲ್ಲಿ. ಹಿಂಜರಿಯುವ, ಬೆವರುವ ಅಂಗಡಿಯವನು ಅಷ್ಟಾಗಿ ಬರಲಿಲ್ಲ.

ಇದು ಇಷ್ಟವಾದರೆ ಮುಂದೆ ಏನು ನೋಡಲಿ?

ನಿರ್ದೇಶಕ ಬಡ್ ಬೊಟಿಕರ್ ಮತ್ತು ನಟ ರ‍್ಯಾಂಡಾಲ್ಫ್ ಸ್ಕಾಟ್ 1956ರಿಂದ 1960ರೊಳಗೆ ಒಟ್ಟಿಗೆ ಮಾಡಿದ ಏಳು ಸಿನಿಮಾಗಳು. ‘ರೈಡ್ ಲೋನ್ಸಮ್’ನಿಂದ ಶುರು ಮಾಡಿ, ಬರೀ 73 ನಿಮಿಷ. ನಾಲ್ಕೈದು ಜನ, ಲೋನ್ ಪೈನ್‌ನ ಬಂಡೆಗಳು, ಬರ್ಟ್ ಕೆನಡಿ ಬರೆದ ಚಿಕ್ಕ ಚಿಕ್ಕ ಮಾತು. ಏಳನ್ನೂ ಒಂದೇ ವಾರದಲ್ಲಿ ನೋಡಬೇಡಿ, ಒಂದರೊಳಗೊಂದು ಕಲೆಸಿಹೋಗುತ್ತದೆ. ನಡುವೆ ಒಂದಿಷ್ಟು ದಿನ ಬಿಟ್ಟು ನೋಡಿ. ಸ್ಕಾಟ್ ಮುಖ ಹೆಚ್ಚು ಬದಲಾಗುವುದಿಲ್ಲ ಅಂತ ಮೊದಲಿಗೆ ಅನ್ನಿಸುತ್ತದೆ. ಕಾಫಿ ಕುಡಿಯುತ್ತಾ ವಿಲನ್ ಜೊತೆ ಮಾತಾಡುವ ದೃಶ್ಯಗಳಲ್ಲಿ ನಿಧಾನವಾಗಿ ನೋಡಿ, ಆ ಸಿನಿಮಾಗಳಿಗೆ ಹೆಚ್ಚು ದುಡ್ಡಿಲ್ಲದಿದ್ದರೂ ಅಲ್ಲಿ ಎಷ್ಟು ತುಂಬಿಟ್ಟಿದ್ದಾರೆ ಅಂತ ಗೊತ್ತಾಗುತ್ತದೆ.